ಬ್ಲೂಗ್ರಾಸ್‌ಗೆ ಯಾವ ಗಿಟಾರ್: ಮಾರ್ಟಿನ್ ಡಿ-18, ಡಿ-28, ಮತ್ತು ಅಷ್ಟು ದುಡ್ಡು ಸುರಿಯಲಾಗದವರಿಗೆ ಮೂರು ಬದಲಿಗಳು

ಗಿಟಾರ್ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಸ್ಟೂಲ್ ಮೇಲೆ ಕೂತು, ಬೆರಳಿನಲ್ಲಿ ಮೆಲ್ಲಗೆ ನಾಲ್ಕು ತಂತಿ ಮೀಟಿ, ಕಣ್ಣು ಮುಚ್ಚಿ ಕೇಳುವುದು. ಹಾಗೆ ಕೇಳಿದಾಗ ಕಿವಿಗೆ ಜೇನು ಸುರಿಯುವ ವಾದ್ಯಗಳೇ ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ) ಗುಂಪಿನಲ್ಲಿ ಮೊದಲು ಸೋಲುವುದು. ಪಕ್ಕದಲ್ಲಿ ಬ್ಯಾಂಜೋ ಶುರುವಾಯಿತೋ, ಚಂಡೆಯ ಮುಂದೆ ತಂಬೂರಿ ಇಟ್ಟ ಹಾಗೆ. ಕೈ ಆಡುತ್ತಿರುವುದು ಕಾಣುತ್ತದೆ, ಕೇಳುವುದಿಲ್ಲ.

ಈ ಸಂಗೀತದಲ್ಲಿ ಡ್ರಮ್ ಇಲ್ಲ, ಎಲ್ಲ ತೊಂದರೆಯೂ ಅಲ್ಲಿಂದಲೇ ಶುರು. ಕೆಂಟಕಿಯ ಬಿಲ್ ಮನ್ರೋ ಅವರ 1940ರ ದಶಕದ ತಂಡದಲ್ಲಿ ಮ್ಯಾಂಡೊಲಿನ್, ಫಿಡಲ್, ಬ್ಯಾಂಜೋ, ನಿಂತು ನುಡಿಸುವ ದೊಡ್ಡ ಬೇಸ್ ಮತ್ತು ಗಿಟಾರ್ ಇದ್ದವು. ಇವತ್ತಿಗೂ ಅದೇ ಪಂಕ್ತಿ. ಬೇಸ್ 1 ಮತ್ತು 3ನೇ ಬೀಟಿಗೆ ಬೀಳುತ್ತದೆ, ಮ್ಯಾಂಡೊಲಿನ್ 2 ಮತ್ತು 4ಕ್ಕೆ ‘ಚಕ್’ ಅನ್ನುತ್ತದೆ. ಗಿಟಾರ್ ಎರಡನ್ನೂ ಹೊಲಿಯಬೇಕು: ದಪ್ಪ ತಂತಿಯ ಒಂದು ಸ್ವರ, ಹಿಂದೆಯೇ ಒಂದು ಸ್ಟ್ರಮ್ (ತಂತಿಗಳ ಮೇಲೆ ಒಟ್ಟಿಗೆ ಒಂದು ಏಟು), ಹಾಡು ಮುಗಿಯುವವರೆಗೂ. ಮನ್ರೋ ತಂಡದಲ್ಲಿದ್ದ ಲೆಸ್ಟರ್ ಫ್ಲ್ಯಾಟ್ ಸಾಲಿನ ಕೊನೆಯಲ್ಲಿ ಹಾಕುತ್ತಿದ್ದ ಜಿ ರನ್ ಎಂಬ ಪುಟ್ಟ ಸ್ವರಮಾಲೆ ಇವತ್ತು ಪ್ರತಿ ಬ್ಲೂಗ್ರಾಸ್ ಗಿಟಾರಿಗನ ಬಾಯಿಪಾಠ. ಲೀಡ್, ಅಂದರೆ ಬಿಡಿ ಸ್ವರಗಳಲ್ಲಿ ರಾಗ, ನುಡಿಸುವ ಚಾಳಿ ಹಬ್ಬಿದ್ದು ಆಮೇಲೆ, ಡಾಕ್ ವಾಟ್ಸನ್, ಕ್ಲಾರೆನ್ಸ್ ವೈಟ್, ಟೋನಿ ರೈಸ್ ಇವರಿಂದ. ಅಂದರೆ ಕೊಳ್ಳುವ ಗಿಟಾರ್ ಮೊದಲು ತಾಳವಾದ್ಯ, ಆಮೇಲೆ ರಾಗವಾದ್ಯ. ಜೋರಾಗಿ ಬಾರಿಸಿದರೂ ಸ್ವರ ಒಡೆಯಬಾರದು, ಬೇಸ್ ಸ್ವರ ಬಂದು ಬೇಗ ಜಾಗ ಬಿಡಬೇಕು. ಕೆಳಗಿನ ತೀರ್ಮಾನಗಳೆಲ್ಲ ಈ ಎರಡು ಗುಣ ಹಿಡಿದೇ ಹೇಳಿದ್ದು.

ಆಕಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡ್ರೆಡ್‌ನಾಟ್ ತಗೊಳ್ಳಿ. 1906ರ ಬ್ರಿಟಿಷ್ ಯುದ್ಧನೌಕೆಯ ಹೆಸರು ಹೊತ್ತ ಈ ಅಗಲ ಭುಜದ ಡಬ್ಬಿಯನ್ನು ಮಾರ್ಟಿನ್ ಕಂಪನಿ 1916ರಲ್ಲಿ ಬಾಸ್ಟನ್‌ನ ಡಿಟ್ಸನ್ ಅಂಗಡಿಗಾಗಿ ಮಾಡಿಕೊಟ್ಟಿತು, 1931ರಲ್ಲಿ ತನ್ನ ಹೆಸರಲ್ಲೇ ತಂದಿತು, 1934ರಲ್ಲಿ 14ನೇ ಫ್ರೆಟ್‌ಗೆ (ನೆಕ್, ಅಂದರೆ ಗಿಟಾರಿನ ಕತ್ತಿನ, ಮೇಲಿನ ಲೋಹದ ಅಡ್ಡಪಟ್ಟಿ) ದೇಹ ಸೇರುವ ಈಗಿನ ರೂಪ ಕೊಟ್ಟಿತು. ಕೆಳಗಿನ ಅಗಲ 15⅝ ಇಂಚು, ಆಳ ಸುಮಾರು 4⅞ ಇಂಚು, ತಂತಿಯ ಸ್ಕೇಲ್ (ಕಂಪಿಸುವ ಭಾಗದ ಉದ್ದ) 25.4 ಇಂಚು. ಸಣ್ಣ ದೇಹದ ಗಿಟಾರ್ ತೊಡೆ ಮೇಲೆ ಹಿತವಾಗಿ ಕೂರುತ್ತದೆ, ಆದರೆ ಅದರ ಬೇಸ್ ಬ್ಯಾಂಜೋ ದಾಟಿ ಬರುವುದಿಲ್ಲ. ಕಟ್‌ಅವೇ (ಕತ್ತಿನ ಬಳಿ ದೇಹದಲ್ಲಿ ಕೊರೆದ ಜಾಗ) ಮತ್ತು ಪಿಕಪ್‌ಗೆ (ಆಂಪ್ಲಿಫೈಯರ್‌ಗೆ ಶಬ್ದ ಕಳಿಸುವ ಸಾಧನ) ಕೊಡುವ ದುಡ್ಡು ಈ ಕೆಲಸಕ್ಕೆ ದಂಡ. ಇಲ್ಲಿ ಮೈಕ್ ಮುಂದೆ ನಿಂತು ನುಡಿಸುವ ಪದ್ಧತಿ, ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬಂದರೆ ಅದೇ ವಾಲ್ಯೂಮ್.

ಈಗ ಡಿ-18. ಸಿಟ್ಕಾ ಸ್ಪ್ರೂಸ್ ಮರದ ಟಾಪ್ (ಮುಂಬದಿಯ ಹಲಗೆ), ಮಹಾಗನಿ ಬೆನ್ನು ಮತ್ತು ಪಕ್ಕ. ಮಹಾಗನಿಯ ಗುಣ ‘ಒಣ’ ಸ್ವರ. ಮೀಟಿದ ಸ್ವರವೇ ಮುಂದೆ ನಿಲ್ಲುತ್ತದೆ, ಅದರ ಹಿಂದೆ ಅನುರಣನಗಳ ಮೆರವಣಿಗೆ ಬರುವುದಿಲ್ಲ. ಜಿ ಕಾರ್ಡ್ ಹಿಡಿದು 6ನೇ ತಂತಿಯನ್ನು ಗಟ್ಟಿಯಾಗಿ ಹೊಡೆದರೆ ‘ಧಂ’ ಅಂದು ಅಲ್ಲೇ ನಿಲ್ಲುತ್ತದೆ, ಮುಂದಿನ ಸ್ಟ್ರಮ್‌ಗೆ ಜಾಗ ಖಾಲಿ. ವೇಗದ ಹಾಡಿನಲ್ಲಿ ಇದೇ ಬೇಕು. ಲೀಡ್ ನುಡಿಸುವಾಗಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ, ಉದುರುದುರಾದ ಅನ್ನದ ಅಗುಳಿನ ಹಾಗೆ ಕೇಳುತ್ತದೆ. ಡಾಕ್ ವಾಟ್ಸನ್ ಬಹುಕಾಲ ನುಡಿಸಿದ ಗ್ಯಾಲಗರ್ ಗಿಟಾರ್ ಕೂಡ ಮಹಾಗನಿಯದೇ. 2012ರ ನಂತರದ ಡಿ-18ರಲ್ಲಿ ಬ್ರೇಸ್‌ಗಳನ್ನು (ಟಾಪ್ ಒಳಗಡೆ ಅಂಟಿಸಿದ ಮರದ ಪಟ್ಟಿಗಳು) ಮುಂದಕ್ಕೆ ಸರಿಸಿ, ನಡುವೆ ಕೆತ್ತಿ ತೆಳು ಮಾಡಿದ್ದಾರೆ. ಹಳೆಯ ಡಿ-18ಕ್ಕಿಂತ ಇದರ ಬೇಸ್ ತುಂಬಿಕೊಂಡಿದೆ. ತಕರಾರು ಅಂದರೆ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಅಗಲ 1¾ ಇಂಚು, ಅಂದರೆ 44.5 ಮಿ.ಮೀ. ಹೆಬ್ಬೆರಳನ್ನು ಮೇಲಿಂದ ಸುತ್ತಿ 6ನೇ ತಂತಿ ಒತ್ತುವ ಹಳೇ ರಿದಂ ಶೈಲಿಗೆ ಚಿಕ್ಕ ಕೈಯವರಿಗೆ ಇದು ತುಸು ದೂರ. ಅಂಥವರು 1 11/16 ಇಂಚಿನ ಹಳೇ ನಟ್ ಇರುವ ಸೆಕೆಂಡ್ ಹ್ಯಾಂಡ್ ಡಿ-18 ಹುಡುಕುವುದು ಒಳ್ಳೆಯದು.

ಡಿ-28ರ ಕತೆ ನಮ್ಮ ಕಡೆಗೂ ಬರುತ್ತದೆ. 1969ರ ತನಕ ಇದರ ಬೆನ್ನಿಗೆ ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿದ್ದರು. ಆ ದಿಮ್ಮಿ ಸಿಗುವುದು ಕಷ್ಟವಾದಾಗ ಮಾರ್ಟಿನ್ ಹಿಡಿದಿದ್ದು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ಅಜ್ಜನ ಮನೆಯ ಮಂಚ, ಬಾಗಿಲಿನ ಚೌಕಟ್ಟಿನ ಅದೇ ನೇರಳೆ ಛಾಯೆಯ ಕಂದು ಮರ. ಗಟ್ಟಿ, ಭಾರ, ಧ್ವನಿಯನ್ನು ನುಂಗದೆ ವಾಪಸ್ ಎಸೆಯುವ ಮರ. ಅದಕ್ಕೇ ಬೇಸ್ ಆಳ, ಮೇಲಿನ ಸ್ವರಗಳಲ್ಲಿ ಗಾಜಿನ ಮಿನುಗು, ನಡುವಿನ ಸ್ವರಗಳು ಸ್ವಲ್ಪ ಹಿಂದೆ. ಹಾಡುತ್ತಾ ರಿದಂ ಮಾತ್ರ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಸಿಗದು, ಏಕೆಂದರೆ ಹಿಂದೆ ಸರಿದ ಆ ನಡುಭಾಗದಲ್ಲೇ ಹಾಡುವವರ ದನಿ ಕೂರುತ್ತದೆ. ಲೀಡ್ ನುಡಿಸುವವರಿಗೆ ಅದೇ ಕೊರತೆ: ಮನೆಯಲ್ಲಿ ಒಬ್ಬರೇ ಕೂತಾಗ ಅರಮನೆಯಂಥ ಶಬ್ದ, ಐದು ಜನರ ನಡುವೆ 3 ಮತ್ತು 4ನೇ ತಂತಿಯ ಸ್ವರಗಳು ಮಸುಕು.

ಎಚ್‌ಡಿ-28 ಇದರ ಅಣ್ಣ. ವ್ಯತ್ಯಾಸ ಟಾಪ್‌ನ ಒಳಗಡೆ. ಟಾಪ್‌ಗೆ ಅಂಟಿಸಿದ ಪಟ್ಟಿಗಳನ್ನು ನಡುವೆ ಕೆತ್ತಿ ತೆಳು ಮಾಡಿದರೆ ಹಲಗೆ ಹೆಚ್ಚು ಅಲುಗುತ್ತದೆ, ಬೇಸ್ ಹಿಗ್ಗುತ್ತದೆ. ಯುದ್ಧಪೂರ್ವದ ಮಾರ್ಟಿನ್‌ಗಳೆಲ್ಲ ಹೀಗಿದ್ದವು. ದಪ್ಪ ತಂತಿ ಹಾಕುವವರು ಹೆಚ್ಚಾದ ಮೇಲೆ, ಟಾಪ್ ಉಬ್ಬುವ ಭಯಕ್ಕೆ 1944ರ ಕೊನೆಯಲ್ಲಿ ಕೆತ್ತುವುದನ್ನು ಕೈಬಿಟ್ಟರು. 1976ರಲ್ಲಿ ಎಚ್‌ಡಿ-28 ಹೆಸರಿನಲ್ಲಿ, ಅಂಚಿಗೆ ಹಳೇ ಹೆರಿಂಗ್‌ಬೋನ್ (ಮೀನಿನ ಮುಳ್ಳಿನ ವಿನ್ಯಾಸದ) ಪಟ್ಟಿಯೊಂದಿಗೆ ಮತ್ತೆ ತಂದರು. ಅದ್ಭುತ ವಾದ್ಯವೇ, ಆದರೆ ಮೈಕ್ ಹತ್ತಿರ ಹೋದರೆ ಬೇಸ್ ‘ಗುಂಯ್’ ಅಂದು ಇಡೀ ತಂಡದ ಮೇಲೆ ಹರಡಿಕೊಳ್ಳುತ್ತದೆ. ತಂಡದಲ್ಲಿ ದೊಡ್ಡ ಬೇಸ್ ಇದ್ದರೆ ಇಬ್ಬರೂ ಒಂದೇ ಜಾಗಕ್ಕೆ ಗುದ್ದಾಡುತ್ತಾರೆ. ಬೇಸ್ ಇಲ್ಲದ ಮೂರು ಜನರ ಕೂಟಕ್ಕಾದರೆ ಕಣ್ಣು ಮುಚ್ಚಿ ಕೊಳ್ಳಬಹುದು.

ಟೋನಿ ರೈಸ್ ನುಡಿಸುತ್ತಿದ್ದ, ಮೊದಲು ಕ್ಲಾರೆನ್ಸ್ ವೈಟ್ ಹತ್ತಿರ ಇದ್ದ 1935ರ ಡಿ-28ರ ಹುಚ್ಚು ಎಲ್ಲರಿಗೂ ಒಮ್ಮೆ ಹಿಡಿಯುತ್ತದೆ. ಅದರ ಸೌಂಡ್‌ಹೋಲ್ ಅನ್ನು ಯಾರೋ ದೊಡ್ಡದು ಮಾಡಿದ್ದರು. ತೂತು ದೊಡ್ಡದಾದರೆ ಒಳಗಿನ ಗಾಳಿ ಅನುರಣಿಸುವ ಶ್ರುತಿ ಮೇಲೇರುತ್ತದೆ, ಬೇಸ್ ಬಿಗಿಯಾಗುತ್ತದೆ, ಲೀಡ್ ಸ್ವರ ತಿಳಿಯಾಗುತ್ತದೆ. ಸಾಂತಾ ಕ್ರೂಜ್ ಕಂಪನಿ ಟೋನಿ ರೈಸ್ ಹೆಸರಿನ ಮಾದರಿಯನ್ನೇ ಮಾಡಿದೆ. ಇದು ಲೀಡ್ ನುಡಿಸುವವರ ಗಿಟಾರ್. ಕಲಿಯುವ ಹಂತದಲ್ಲಿ, ರಿದಂ ಇನ್ನೂ ಗಟ್ಟಿಯಾಗದವರು ಇದರ ಹಿಂದೆ ಬಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಟಾಪ್ ಮರದ ವಿಚಾರ ಬೆನ್ನಿನ ಮರಕ್ಕಿಂತ ದೊಡ್ಡದು, ಆದರೆ ಚರ್ಚೆಯಲ್ಲಿ ಬೆನ್ನಿಗೇ ಮಣೆ. ಸಿಟ್ಕಾ ಮೆಲ್ಲಗೆ ನುಡಿಸಿದರೂ ಸ್ಪಂದಿಸುತ್ತದೆ. ಅಡಿರಾಂಡ್ಯಾಕ್ ಸ್ಪ್ರೂಸ್ ಹೆಚ್ಚು ಬಿರುಸು, ಮೆಲ್ಲಗೆ ನುಡಿಸಿದರೆ ಮೂಗಿನಲ್ಲಿ ಮಾತಾಡಿದ ಹಾಗೆ, ಬಾರಿಸಿದಷ್ಟೂ ಜೋರಾಗುತ್ತಾ ಹೋಗುತ್ತದೆ, ಒಡೆಯುವ ಹಂತ ತಡವಾಗಿ ಬರುತ್ತದೆ. ಪರೀಕ್ಷೆ ಸುಲಭ. 1.2 ಮಿ.ಮೀ. ಪಿಕ್ ಹಿಡಿದು ಜಿ ಕಾರ್ಡನ್ನು ಮೆಲ್ಲಗೆ, ಮಧ್ಯಮ, ಪೂರ್ತಿ ಬಲದಲ್ಲಿ ಮೂರು ಸಲ ಹೊಡೆಯಿರಿ. ಮೂರನೇ ಏಟಿಗೆ ಎರಡನೆಯದಕ್ಕಿಂತ ಶಬ್ದ ಹೆಚ್ಚಾಗದೆ ಬರೀ ‘ಝರ್’ ಮಾತ್ರ ಹೆಚ್ಚಾದರೆ ಆ ಗಿಟಾರಿನ ಸೀಮೆ ಅಷ್ಟೇ. ಅಂಗಡಿಯವರು ಮುಖ ಸಿಂಡರಿಸಿದರೂ ಈ ಮೂರನೇ ಏಟು ಹೊಡೆಯದೆ ದುಡ್ಡು ಕೊಡಬೇಡಿ.

ಕಾಲಿಂಗ್ಸ್ ಡಿ1, ಡಿ2ಎಚ್, ಬೂರ್ಜ್ವಾ, ಹಸ್ ಅಂಡ್ ಡಾಲ್ಟನ್ ಇವೆಲ್ಲ ಈ ಮಾರ್ಟಿನ್‌ಗಳ ಮೇಲಿನ ಮೆಟ್ಟಿಲು. ಅಲ್ಲಿಗೆ ಹೋಗುವವರಿಗೆ ಈ ಬರಹ ಬೇಕಾಗಿಲ್ಲ.

ಕೆಳಗಿನ ಮೆಟ್ಟಿಲಿನಲ್ಲಿ ಮೂರು ಹೆಸರು. ಈಸ್ಟ್‌ಮನ್ ಇ10ಡಿ ಚೀನಾದಲ್ಲಿ ತಯಾರಾಗುತ್ತದೆ. ಅಡಿರಾಂಡ್ಯಾಕ್ ಟಾಪ್, ಪೂರ್ತಿ ಸಾಲಿಡ್ ಮಹಾಗನಿ, ಕರಿಮರದ ಫಿಂಗರ್‌ಬೋರ್ಡ್ (ಬೆರಳು ಒತ್ತುವ ಹಲಗೆ), ಮೂಳೆಯ ನಟ್ ಮತ್ತು ಸ್ಯಾಡಲ್ (ದೇಹದ ಕಡೆ ತಂತಿಗಳು ಕೂರುವ ಪಟ್ಟಿ). ಡಿ-18ರ ಅರ್ಧದಷ್ಟು ಬೆಲೆಯ ಆಸುಪಾಸಿನಲ್ಲಿ ಅದರ ಮುಕ್ಕಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸ್ವರದಲ್ಲಿ ವ್ಯತ್ಯಾಸ ಇರುತ್ತದೆ, ಹಾಗಾಗಿ ಸಾಧ್ಯವಾದರೆ ಎರಡು ನುಡಿಸಿ ನೋಡಿ ಆರಿಸಿ. ಬ್ಲೂರಿಜ್ ಬಿಆರ್-140 ಮಹಾಗನಿ, ಬಿಆರ್-160 ಬೀಟೆ. ಎರಡರಲ್ಲೂ ಸಾಲಿಡ್ ಮರ, ಕೆತ್ತಿದ ಬ್ರೇಸ್, ಕಿರಿದಾದ 1 11/16 ನಟ್. ಹೊಸ ಡಿ-18ರ ಅಗಲ ಒಗ್ಗದ ಚಿಕ್ಕ ಕೈಯವರಿಗೆ ಇದು ಸಿದ್ಧ ಉತ್ತರ. ಫಿನಿಶ್ ತುಸು ದಪ್ಪ, ಅದಕ್ಕೇ ಮೊದಲ ಕೆಲವು ತಿಂಗಳು ಬಿಗಿದುಕೊಂಡಂತೆ ಕೇಳುತ್ತದೆ.

ಮೂರನೆಯದು ಯಮಾಹಾ ಎಫ್‌ಜಿ800, ಕರ್ನಾಟಕದ ಊರುಗಳಲ್ಲೂ ಸುಲಭವಾಗಿ ಸಿಗುವಂಥದು. ಟಾಪ್ ಮಾತ್ರ ಸಾಲಿಡ್ ಸ್ಪ್ರೂಸ್, ಬೆನ್ನು-ಪಕ್ಕ ಪ್ಲೈವುಡ್. ಸ್ಕೇಲ್ 650 ಮಿ.ಮೀ., ನಟ್ 43 ಮಿ.ಮೀ. ಬೆನ್ನು ಪ್ಲೈವುಡ್ ಆದರೆ ತೀರಾ ನಷ್ಟವಿಲ್ಲ, ಟಾಪ್ ಪ್ಲೈವುಡ್ ಆಗಬಾರದು. ಅದಕ್ಕೇ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಕಾಣುವ ಎಫ್310 ಸಿನಿಮಾ ಹಾಡಿಗೆ ಚೆಂದ, ಬ್ಲೂಗ್ರಾಸ್‌ಗೆ ಸಾಲದು: ಎಷ್ಟು ಹೊಡೆದರೂ ಒಂದು ಮಟ್ಟದ ಮೇಲೆ ಅದು ಏರುವುದಿಲ್ಲ. ಎಫ್‌ಜಿ800ರ ಪ್ಲಾಸ್ಟಿಕ್ ಸ್ಯಾಡಲ್ ತೆಗೆಸಿ ಮೂಳೆಯದು ಹಾಕಿಸಿ, ಸೆಟಪ್ (ತಂತಿಯ ಎತ್ತರ, ನೆಕ್‌ನ ಬಾಗು ಸರಿಪಡಿಸುವುದು) ಮಾಡಿಸಿದರೆ ಮೊದಲ ಎರಡು-ಮೂರು ವರ್ಷ ಬೇರೆ ಗಿಟಾರಿನ ಯೋಚನೆ ಬೇಡ.

ಸಾಲಿಡ್ ಟಾಪ್ ಹೌದೋ ಅಲ್ಲವೋ ತಿಳಿಯಲು ಸೌಂಡ್‌ಹೋಲ್ ಅಂಚಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೇಲೆ ಕಾಣುವ ಎಳೆಗೆರೆಗಳು ಅಂಚಿನ ದಪ್ಪದಲ್ಲಿ ಅದೇ ಜಾಗದಿಂದ ಕೆಳಗೆ ಇಳಿದು ಹೋದರೆ ಸಾಲಿಡ್. ನಡುವೆ ಅಡ್ಡಲಾಗಿ ಬೇರೆ ಬಣ್ಣದ ಪದರ ಕಂಡರೆ, ಗೆರೆಗಳು ಮೇಲಿನ ತೆಳು ಹಾಳೆಯಲ್ಲೇ ನಿಂತರೆ ಪ್ಲೈವುಡ್. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ಗುಮಾನಿ ಪಡುವುದು ತಪ್ಪಲ್ಲ.

ಅಂಗಡಿಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸ: ಗಿಟಾರನ್ನು ಬೇರೆಯವರ ಕೈಗೆ ಕೊಟ್ಟು ನಾಲ್ಕು ಮೀಟರ್ ದೂರ ನಿಂತು ಕೇಳುವುದು. ನುಡಿಸುವವರ ಕಿವಿಗೆ ಬರುವುದು ಪಕ್ಕದ ಶಬ್ದ, ಕೂಟದಲ್ಲಿ ಎದುರಿನವರಿಗೆ ಕೇಳುವುದು ಟಾಪ್‌ನ ಶಬ್ದ. ಎರಡೂ ಬೇರೆ. ಆಮೇಲೆ 2 ಮತ್ತು 4ನೇ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮುವ ಕ್ಲಿಪ್) ಹಾಕಿ ಜಿ ಕಾರ್ಡ್ ನುಡಿಸಿ. ಬ್ಲೂಗ್ರಾಸ್‌ನಲ್ಲಿ ಎ ಮತ್ತು ಬಿ ಶ್ರುತಿಯ ಹಾಡು ಬಹಳ, ಗಿಟಾರಿಗರು ಜಿ ಆಕಾರವನ್ನೇ ಮೇಲೆ ಸರಿಸಿ ನುಡಿಸುತ್ತಾರೆ. 4ನೇ ಫ್ರೆಟ್‌ನಲ್ಲೂ ಬೇಸ್‌ಗೆ ಜೀವ ಉಳಿದಿದೆಯೇ, ಶ್ರುತಿ ಸರಿಯೇ ನೋಡಿ. ಸ್ಪ್ರಿಂಗ್ ಕೇಪೋ ಅಗತ್ಯಕ್ಕಿಂತ ಹೆಚ್ಚು ಅದುಮಿ ತಂತಿಯನ್ನು ಶ್ರುತಿಯಿಂದ ಮೇಲೆ ಎಳೆಯುತ್ತದೆ. ಸ್ಕ್ರೂ ತಿರುಗಿಸಿ ಬಿಗಿಸುವಂಥದು ಒಯ್ಯಿರಿ, ಇಲ್ಲದಿದ್ದರೆ ಕೇಪೋ ಮಾಡಿದ ತಪ್ಪಿಗೆ ಗಿಟಾರನ್ನು ಬೈಯುತ್ತೀರಿ.

ಇನ್ನು ಸೆಟಪ್. ಒಳ್ಳೆಯ ಗಿಟಾರ್ ಕೊಂಡು ಕೆಟ್ಟ ಸೆಟಪ್‌ನಲ್ಲಿ ನುಡಿಸುವವರೇ ಜಾಸ್ತಿ. 12ನೇ ಫ್ರೆಟ್ ಮೇಲಿಂದ ತಂತಿಯ ತಳಕ್ಕೆ ಅಳೆದರೆ 6ನೇ ತಂತಿ 2.4ರಿಂದ 2.8 ಮಿ.ಮೀ., 1ನೇ ತಂತಿ 1.8ರಿಂದ 2 ಮಿ.ಮೀ. ಇದಕ್ಕಿಂತ ತಗ್ಗಿಸಿದರೆ ಬೆರಳಿಗೆ ಬೆಣ್ಣೆ, ಆದರೆ ಜೋರು ರಿದಂಗೆ ತಂತಿ ಫ್ರೆಟ್‌ಗೆ ಬಡಿದು ಕಿರ್ರ್ ಅನ್ನುತ್ತದೆ, ಶಬ್ದದ ಬಲವೂ ಅಲ್ಲೇ ಸತ್ತುಹೋಗುತ್ತದೆ. ನೆಕ್‌ನ ಬಾಗು ನೋಡಲು 6ನೇ ತಂತಿಯನ್ನು 1ನೇ ಮತ್ತು 14ನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ, 7ನೇ ಫ್ರೆಟ್ ಮೇಲೆ ಉಳಿಯುವ ಸಂದು ನೋಡಿ. ವಿಸಿಟಿಂಗ್ ಕಾರ್ಡ್ ಒಂದು ಅಷ್ಟಿಷ್ಟು ತೂರುವಷ್ಟು, 0.1ರಿಂದ 0.25 ಮಿ.ಮೀ. ಇದ್ದರೆ ಸಾಕು. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತು ಬಿಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಒಂದೇ ಸಲ ಪೂರ್ತಿ ಸುತ್ತು ತಿರುಗಿಸಬಾರದು.

ಬಾಗು ಸರಿಯಾದ ಮೇಲೂ ಆಕ್ಷನ್ (ಫ್ರೆಟ್‌ಗಳ ಮೇಲೆ ತಂತಿ ನಿಲ್ಲುವ ಮಟ್ಟ) ಎತ್ತರವಿದ್ದರೆ ಸ್ಯಾಡಲ್ ತಳ ಉಜ್ಜಬೇಕು. 12ನೇ ಫ್ರೆಟ್ ತಂತಿಯ ಅರ್ಧಕ್ಕೆ ಬರುವುದರಿಂದ ಅಲ್ಲಿ 0.4 ಮಿ.ಮೀ. ತಗ್ಗಬೇಕಾದರೆ ಸ್ಯಾಡಲ್‌ನಿಂದ 0.8 ತೆಗೆಯಬೇಕು. ಉಜ್ಜುವ ಮೊದಲು ಸ್ಯಾಡಲ್ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಂಡು, ಸಪಾಟಾದ ಗಾಜಿನ ಮೇಲೆ ಮರಳು ಕಾಗದ ಅಂಟಿಸಿ, ನೆಟ್ಟಗೆ ಹಿಡಿದು ಉಜ್ಜಿ. ತಳ ಓರೆಯಾದರೆ ಒಂದು ಕಡೆಯ ತಂತಿಗಳು ಮಂಕಾಗುತ್ತವೆ. ಟ್ರಸ್ ರಾಡ್‌ನಿಂದಲೇ ಆಕ್ಷನ್ ಇಳಿಸಲು ಹೋಗುವುದು ಬಹಳ ಮಂದಿ ಮಾಡುವ ತಪ್ಪು. ನೆಕ್ ಹಿಂದಕ್ಕೆ ಬಾಗಿ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಕಿರಿಕಿರಿ ಶುರುವಾಗುತ್ತದೆ.

ತಂತಿ ಮೀಡಿಯಂ, 13ರಿಂದ 56 (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ), ಫಾಸ್ಫರ್ ಬ್ರಾಂಜ್. ಬೆರಳು ಇನ್ನೂ ಗಟ್ಟಿಯಾಗದವರಿಗೆ ಮೇಲಿನ ಮೂರು ತೆಳು, ಕೆಳಗಿನ ಮೂರು ದಪ್ಪ ಇರುವ 12-56 ಸೆಟ್ ಸಿಗುತ್ತದೆ, ಅದಕ್ಕೆ ಬ್ಲೂಗ್ರಾಸ್ ಸೆಟ್ ಅಂತಲೇ ಹೆಸರು. 12-53ರಿಂದ 13-56ಕ್ಕೆ ಹೋದರೆ ಒಟ್ಟು ಎಳೆತ ಸುಮಾರು 10 ಕೆ.ಜಿ. ಹೆಚ್ಚುತ್ತದೆ, ನೆಕ್ ಮುಂದೆ ಬಾಗುತ್ತದೆ, ಆಕ್ಷನ್ ಏರುತ್ತದೆ. ಹಾಗಾಗಿ ತಂತಿ ಬದಲಿಸಿದ ಮರುದಿನ ಮೇಲಿನ ಅಳತೆ ಮತ್ತೆ ತಗೊಳ್ಳಿ. ಶ್ರುತಿ ಮಾಡುವಾಗ ನಟ್‌ನಲ್ಲಿ ‘ಟಿಕ್’ ಅಂದು ಸ್ವರ ಹಾರಿದರೆ ದಪ್ಪ ತಂತಿ ಹಳೇ ಸಂದಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ, ಸಂದನ್ನು ಅಗಲ ಮಾತ್ರ ಮಾಡಿಸಿ, ಆಳ ಬೇಡ. ಪಿಕ್ 1ರಿಂದ 1.5 ಮಿ.ಮೀ., ಮೂಲೆ ದುಂಡಗಿರುವ ದೊಡ್ಡ ತ್ರಿಕೋನ. ತೆಳು ಪಿಕ್ ತಾನೇ ಬಾಗಿ ಏಟಿನ ಅರ್ಧ ಬಲ ತಿಂದುಹಾಕುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ನೆಕ್ ಕೋನ ನೋಡದೆ ಮುಂದುವರಿಯಬೇಡಿ. ಉದ್ದದ ಸ್ಟೀಲ್ ಸ್ಕೇಲ್ ಅನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ (ಸ್ಯಾಡಲ್ ಕೂತಿರುವ ಮರದ ತುಂಡು) ಕಡೆ ತಳ್ಳಿ. ತುದಿ ಬ್ರಿಡ್ಜ್‌ನ ನೆತ್ತಿ ಸವರಿ ಹೋದರೆ ಸರಿ, ಅದರ ಮುಂಗಟ್ಟಿಗೆ ಗುದ್ದಿದರೆ ನೆಕ್ ಕೂತುಬಿಟ್ಟಿದೆ. ಬ್ರಿಡ್ಜ್ ಮೇಲೆ ಸ್ಯಾಡಲ್ 2 ಮಿ.ಮೀ.ಗಿಂತ ಕಡಿಮೆ ಕಾಣುತ್ತಿದ್ದು ಆಕ್ಷನ್ ಇನ್ನೂ ಎತ್ತರವಿದ್ದರೂ ಅದೇ ರೋಗ. ಇದಕ್ಕೆ ಔಷಧಿ ನೆಕ್ ರೀಸೆಟ್, ನೆಕ್ ಬಿಚ್ಚಿ ಕೋನ ತಿದ್ದಿ ಮತ್ತೆ ಕೂರಿಸುವುದು. ಸಾಧಾರಣ ಗಿಟಾರಿನಲ್ಲಿ ಆ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಬ್ರಿಡ್ಜ್ ಹಿಂದೆ ಟಾಪ್ ತುಸು ಉಬ್ಬಿರುವುದು ಸಹಜ. ಬ್ರಿಡ್ಜ್ ಹಿಂಬದಿಯಲ್ಲಿ ಕಾಗದ ತೂರಿದರೆ ಮಾತ್ರ ಅಂಟು ಬಿಟ್ಟಿದೆ. ಟಾಪ್ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಒಂದು ಕಡೆ ಮಾತ್ರ ಬಿರುಕು ಮಡಕೆಯ ಶಬ್ದ ಬಂದರೆ ಒಳಗಿನ ಬ್ರೇಸ್ ಸಡಿಲ.

ಕೊನೆಯದಾಗಿ ಹವೆ. ಸಾಲಿಡ್ ಮರದ ಗಿಟಾರಿಗೆ 45ರಿಂದ 55 ಶೇಕಡಾ ತೇವ ಹಿತ. ಮಂಗಳೂರು, ಮಡಿಕೇರಿಯ ಜುಲೈನಲ್ಲಿ ಟಾಪ್ ನೀರು ಕುಡಿದು ಉಬ್ಬುತ್ತದೆ, ಆಕ್ಷನ್ ತಾನಾಗಿ ಏರುತ್ತದೆ, ಶಬ್ದ ಒದ್ದೆ ಬಟ್ಟೆ ಹೊದ್ದಂತೆ. ಆಗ ಸ್ಯಾಡಲ್ ಉಜ್ಜಿಸಬೇಡಿ, ಜನವರಿಯಲ್ಲಿ ಪಶ್ಚಾತ್ತಾಪ ಪಡುತ್ತೀರಿ. ಕೇಸಿನಲ್ಲಿ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ. ಬಳ್ಳಾರಿ, ಕಲಬುರಗಿಯ ಏಪ್ರಿಲ್‌ನಲ್ಲಿ ಉಲ್ಟಾ: ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುತ್ತವೆ. ಅಮೆರಿಕದಲ್ಲಿರುವವರಿಗೆ ಇದಕ್ಕಿಂತ ಕೆಟ್ಟದ್ದು ಚಳಿಗಾಲದ ಹೀಟರ್, ಟಾಪ್ ಸೀಳುವುದು ಆಗಲೇ. ಕೇಸಿನೊಳಗೆ ಒದ್ದೆ ಸ್ಪಂಜಿನ ಹ್ಯೂಮಿಡಿಫೈಯರ್, ಪಕ್ಕದಲ್ಲಿ ಒಂದು ಪುಟ್ಟ ಡಿಜಿಟಲ್ ಮಾಪಕ ಇರಲಿ.

ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವಾರ್ಷಿಕ ಮೇಳ 2013ರಿಂದ 2024ರವರೆಗೆ ನಡೆದಿದ್ದು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ, ಕನ್ನಡಿಗರು ಸಾಕಷ್ಟು ಇರುವ ಊರಿನಲ್ಲೇ. ಅಲ್ಲಿಂದ ಊರಿಗೆ ಡಿ-28 ತರುವವರು ಬೀಟೆ ಮರದ ಕಾಗದಪತ್ರದ ಬಗ್ಗೆ ಹೆದರುವುದುಂಟು. 2017ರ ಜನವರಿಯಲ್ಲಿ ಆ ಜಾತಿಯ ಮರಗಳೆಲ್ಲ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿದ್ದು ನಿಜ, ಆದರೆ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. 1969ಕ್ಕೆ ಮುಂಚಿನ ಬ್ರೆಜಿಲ್ ರೋಸ್‌ವುಡ್ ಗಿಟಾರಿಗೆ ಈ ವಿನಾಯಿತಿ ಇಲ್ಲ, ಪರವಾನಗಿ ಇಲ್ಲದೆ ಅದನ್ನು ಗಡಿ ದಾಟಿಸಬೇಡಿ. ಡಿ-18ರ ಮಹಾಗನಿ ಬೆನ್ನಿಗಂತೂ ರೋಸ್‌ವುಡ್‌ನ ಈ ತಾಪತ್ರಯವೇ ಇಲ್ಲ. ವಿಮಾನ ಹತ್ತುವ ಮುನ್ನ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ಪೆಗ್‌ಹೆಡ್ (ತಂತಿ ಬಿಗಿಸುವ ಕಿವಿಗಳಿರುವ ತಲೆಭಾಗ) ಕೆಳಗೆ ಮಡಿಸಿದ ಟವೆಲ್ ತುರುಕಿ. ಕೇಸು ಬಿದ್ದರೆ ಮೊದಲು ಮುರಿಯುವುದು ಅಲ್ಲಿಯೇ.